ಪಿಎಚ್‌ಡಿ ಟೈಮ್‌ಲೈನ್ ಚಾರ್ಟ್ ಹಾಕಿದ್ದೀನಿ, ದಯವಿಟ್ಟು ಹರಿದು ಹಾಕಿ

ಚುಕ್ಕಿ_ಚಿತ್ತಾರ · ಭಾನುವಾರ, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಕಡೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡ್ತೀನಿ. ಪಾರ್ಟ್‌ಟೈಮ್ ಪಿಎಚ್‌ಡಿಗೆ ರಿಜಿಸ್ಟರ್ ಆಗಿ ಒಂದೂವರೆ ವರ್ಷ ಆಯ್ತು, ಕೋರ್ಸ್‌ವರ್ಕ್ ಮುಗಿದಿದೆ. ವಿಷಯ: ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿರೋ ಅಕ್ಷರ ಓದಿ ಪಠ್ಯ ಮಾಡೋ ಓಸಿಆರ್‌ಗೆ ಕೊಟ್ಟಾಗ ಬರುವ ತಪ್ಪುಗಳನ್ನು ತಂತ್ರಾಂಶವೇ ತಿದ್ದುವ ಹಾಗೆ ಮಾಡೋದು. ಮುಂದಿನ ತಿಂಗಳು ಸಲಹಾ ಸಮಿತಿ ಮುಂದೆ ಪ್ರೊಪೋಸಲ್ ಇಡಬೇಕು, ಜೊತೆಗೆ ಟೈಮ್‌ಲೈನ್ ಚಾರ್ಟ್ ಕಡ್ಡಾಯ.

ಸೀನಿಯರ್ ಒಬ್ಬರ ಚಾರ್ಟ್ ಇಸ್ಕೊಂಡು ನನ್ನದನ್ನೂ ಹಾಗೇ ಮಾಡಿದೆ. ಆರು ತಿಂಗಳು ಲಿಟರೇಚರ್ ಸರ್ವೆ, ಒಂದು ವರ್ಷ ಅಲ್ಗಾರಿದಮ್ ವಿನ್ಯಾಸ, ಒಂದು ವರ್ಷ ಇಂಪ್ಲಿಮೆಂಟೇಶನ್, ಆರು ತಿಂಗಳು ಫಲಿತಾಂಶ, ಕೊನೆಯ ಆರು ತಿಂಗಳು ಥೀಸಿಸ್ ಬರವಣಿಗೆ. ಮೆಟ್ಟಿಲು ಇಳಿದ ಹಾಗೆ ಬಣ್ಣದ ಪಟ್ಟಿಗಳು, ನೋಡೋಕೆ ಚೆನ್ನಾಗಿದೆ. ಗೈಡ್ ಕನ್ನಡಕ ಮೇಲೆತ್ತಿ ಎರಡು ನಿಮಿಷ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಇದರಲ್ಲಿ ಮೌಲ್ಯಮಾಪನದ ಡ್ಯೂಟಿ ಎಲ್ಲಿದೆಯಮ್ಮ?"

ಉತ್ತರ ಇರಲಿಲ್ಲ. ಮುಗಿಸಿದವರು ನಿಜವಾಗಿ ಹೇಗೆ ಹಂಚಿಕೊಂಡಿರಿ? ಪೇಪರ್ ಯಾವಾಗ, ಬರವಣಿಗೆ ಯಾವಾಗ?

ಹುಬ್ಬಳ್ಳಿ_ಮಂದಿ · ಭಾನುವಾರ, ರಾತ್ರಿ 10:31

ನಿಮ್ಮ ಗೈಡ್ ಭಾಳ ಶ್ಯಾಣ್ಯಾ ಇದ್ದಾರ ನೋಡ್ರಿ ಮೇಡಂ. ನಾನೂ ಹಿಂಗ ಬಣ್ಣದ ಪಟ್ಟಿ ಎಳದಿದ್ದೆ, ಕಮಿಟಿ ಮುಂದ ಭಾಳ ಛಲೋ ಕಂಡಿತ್ತು. ಎರಡನೇ ವರ್ಷ ಕಾಲೇಜ್ ತಪಾಸಣಿಗೆ ನ್ಯಾಕ್ ಬಂತು, ಮೂರನೇ ವರ್ಷ ಕೋರ್ಸ್ ಮಾನ್ಯತಾಕ ಎನ್‌ಬಿಎ ಬಂತು, ನಡುವ ಮನಿ ಕಟ್ಟಾಕ ಸುರು ಮಾಡಿದ್ವಿ. ಚಾರ್ಟ್ ಮಾತ್ರ ಡಿಪಾರ್ಟ್‌ಮೆಂಟ್ ಗ್ವಾಡಿ ಮ್ಯಾಗ ತಣ್ಣಗ ತೂಗತಿತ್ತು.

ಏಳುವರ್ಷ_ವನವಾಸ · ಭಾನುವಾರ, ರಾತ್ರಿ 11:50

ಕೋವಿಡ್ ಕಾಲದ ವಿಸ್ತರಣೆ ಸೇರಿ ಏಳು ವರ್ಷಕ್ಕೆ ಮುಗಿಸಿದವನು ನಾನು. ಅದಕ್ಕೇ ಈ ಹೆಸರು. ಸ್ವಲ್ಪ ಉದ್ದ ಬರೀತೀನಿ.

ಮೊದಲು ನಿಯಮ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್‌ಡಿ ನಿಯಮಾವಳಿ ಪ್ರಕಾರ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿಕೊಂಡರೆ ಇನ್ನೆರಡು ವರ್ಷ ಸಿಗಬಹುದು. ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷದ ಸಡಿಲಿಕೆ ಇದೆ, ಹೆರಿಗೆ ರಜೆ 240 ದಿನದವರೆಗೆ. ಆದರೆ ಚಾರ್ಟ್ ಹಾಕುವಾಗ ಈ ಹೆಚ್ಚುವರಿ ವರ್ಷಗಳನ್ನು ಮರೆತುಬಿಡಿ, ಅವು ಆಪತ್ತಿಗೆ ಇಟ್ಟ ಗಂಟು.

ಈಗ ಹಿಂದಿನಿಂದ ಲೆಕ್ಕ ಹಾಕಿ. ಆರನೇ ವರ್ಷದ ಕೊನೆ ಅಂದ್ರೆ ಥೀಸಿಸ್ ಸಲ್ಲಿಸಿ ಆಗಿರಬೇಕು. ಅದಕ್ಕೆ ಮುಂಚೆ ಪ್ರೀ-ಸಬ್‌ಮಿಷನ್ ಸೆಮಿನಾರ್, ಅಲ್ಲಿ ಹೇಳಿದ ತಿದ್ದುಪಡಿ, ಹೋಲಿಕೆ ತಪಾಸಣೆ (ಬೇರೆ ಬರಹದ ನಕಲು ಇದೆಯಾ ಅಂತ), ಲೈಬ್ರರಿ ಸಹಿ, ಫೀ ಬಾಕಿ ಇಲ್ಲ ಅನ್ನೋ ಪತ್ರ. ಈ ಓಡಾಟಕ್ಕೇ ನನಗೆ ನಾಲ್ಕು ತಿಂಗಳು ಹೋಯ್ತು. ಸೆಮಿನಾರ್ ಕೊಡೋಕೆ ಕೆಲಸ ಪೂರ್ತಿ ಆಗಿರಬೇಕು. ಅಂದ್ರೆ ನಿಮ್ಮ ಹತ್ತಿರ ಇರೋದು ನಾಲ್ಕೂವರೆ ವರ್ಷ ಅಲ್ಲ, ಹೆಚ್ಚೂಕಮ್ಮಿ ನಾಲ್ಕು. ಅದರಲ್ಲಿ ವರ್ಷಕ್ಕೆರಡು ಸಲ ಪರೀಕ್ಷೆ, ಮೌಲ್ಯಮಾಪನ, ಅಡ್ಮಿಷನ್ ಗಲಾಟೆ. ನಾನು ಡೈರಿ ನೋಡಿ ಎಣಿಸಿದೆ: ಕೂತು ಯೋಚನೆ ಮಾಡೋಕೆ ಸಿಕ್ಕಿದ್ದು ವರ್ಷಕ್ಕೆ ಏಳು ತಿಂಗಳು.

ಎರಡನೇ ವಿಷಯ, ನನಗೆ ತಡವಾಗಿ ಹೊಳೆದದ್ದು. ಚಾರ್ಟ್‌ನಲ್ಲಿ ಎರಡು ಥರದ ಕೆಲಸ ಬೇರೆ ಬೇರೆ ಬಣ್ಣದಲ್ಲಿ ಹಾಕಿ: ನಿಮ್ಮ ಕೈಯಲ್ಲಿರೋದು, ಇನ್ನೊಬ್ಬರ ಕೈಯಲ್ಲಿರೋದು. ಸಮಿತಿ ಸೆಮಿಸ್ಟರ್‌ಗೆ ಒಮ್ಮೆ ಸೇರಬೇಕು ಅಂತ ನಿಯಮ ಇದೆ, ಮೂರು ಜನರ ಪುರುಸೊತ್ತು ಒಂದೇ ದಿನ ಕೂಡಿಬರೋದು ಬೇರೆ ಮಾತು. ಜರ್ನಲ್ ರಿವ್ಯೂ ನನಗೆ ಒಂದು ಸಲ ಹನ್ನೊಂದು ತಿಂಗಳು ತಗೊಂಡಿತು. ನಾನು ಆ ಹನ್ನೊಂದು ತಿಂಗಳು ದಿನಾ ಇಮೇಲ್ ನೋಡ್ತಾ ಕೂತಿದ್ದೆ. ಆ ಹೊತ್ತಿಗೆ ಎರಡನೇ ಅಧ್ಯಾಯ ಬರೀಬಹುದಿತ್ತು, ಮುಂದಿನ ಪ್ರಯೋಗದ ಡೇಟಾ ತೊಳೀಬಹುದಿತ್ತು. ಯಾರಿಗೋಸ್ಕರ ಕಾಯೋ ಪ್ರತಿ ಪಟ್ಟಿಯ ಕೆಳಗೂ, ಆಗ ನಾನೇನು ಮಾಡ್ತೀನಿ ಅಂತ ಇನ್ನೊಂದು ಪಟ್ಟಿ ಬರಲಿ.

ಚುಕ್ಕಿ_ಚಿತ್ತಾರ · ಸೋಮವಾರ, ಬೆಳಿಗ್ಗೆ 7:05

ಸರ್, ಇದನ್ನು ಪ್ರಿಂಟ್ ತೆಗೆದು ಇಟ್ಕೊಂಡೆ. ವರ್ಷಕ್ಕೆ ಏಳು ತಿಂಗಳು ಅನ್ನೋದು ಓದಿ ಎದೆ ಝಲ್ ಅಂತು.

ಡಚ್ಚರನಾಡು · ಸೋಮವಾರ, ಮಧ್ಯಾಹ್ನ 1:20

ನಾನು ನೆದರ್ಲೆಂಡ್ಸ್ ದೇಶದ ಡೆಲ್ಫ್ಟ್‌ನಲ್ಲಿ ಮೂರನೇ ವರ್ಷ. ಇಲ್ಲಿ ವ್ಯವಸ್ಥೆಯೇ ಬೇರೆ, ಹೋಲಿಕೆಗೆ ಹೇಳ್ತೀನಿ. ಪಿಎಚ್‌ಡಿ ಅಂದ್ರೆ ನಾಲ್ಕು ವರ್ಷದ ಸಂಬಳದ ಕೆಲಸ. ಮೊದಲ ವರ್ಷದೊಳಗೆ ಗೋ/ನೋ-ಗೋ ಅಂತ ಒಂದು ಮೀಟಿಂಗ್, ಅಲ್ಲಿ ಬೇಡ ಅಂದ್ರೆ ಗಂಟುಮೂಟೆ ಕಟ್ಟಬೇಕು. ಹಾಗಾಗಿ ಒಂಬತ್ತು ತಿಂಗಳಿಗೇ ಕೈಯಲ್ಲಿ ಒಂದು ಸಣ್ಣ ಫಲಿತಾಂಶ ಇರಲೇಬೇಕು, ಬರೀ ಸರ್ವೆ ತೋರಿಸಿದರೆ ಮುಖ ನೋಡ್ತಾರೆ. ನನ್ನ ಗುಂಪಿನಲ್ಲಿ ಥೀಸಿಸ್ ಅಂದ್ರೆ ಮೂರೋ ನಾಲ್ಕೋ ಪೇಪರ್, ಮುಂದೊಂದು ಪೀಠಿಕೆ, ಹಿಂದೊಂದು ಉಪಸಂಹಾರ. ಜೊತೆಗೆ ನಾವು ಸಮರ್ಥಿಸಿಕೊಳ್ಳೋಕೆ ತಯಾರಿರುವ ಒಂದಷ್ಟು ಹೇಳಿಕೆಗಳನ್ನೂ ಅಚ್ಚು ಹಾಕಿಸಬೇಕು, ಕೆಲವು ನಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದವು!

ಡಿಫೆನ್ಸ್ (ಕೊನೆಯ ಮೌಖಿಕ ಪರೀಕ್ಷೆ) ಸಾರ್ವಜನಿಕ. ಒಂದು ಗಂಟೆ ಆಗ್ತಿದ್ದ ಹಾಗೆ ದಂಡ ಹಿಡಿದ ಅಧಿಕಾರಿ ಒಳಗೆ ಬಂದು ಲ್ಯಾಟಿನ್‌ನಲ್ಲಿ "ಹೋರಾ ಎಸ್ಟ್" ಅಂತಾರೆ, ಅಂದ್ರೆ ಹೊತ್ತಾಯಿತು. ಅರ್ಧ ವಾಕ್ಯದಲ್ಲಿದ್ದರೂ ಅಲ್ಲಿಗೆ ಮುಗೀತು. ಊರಿಂದ ಬಂದಿದ್ದ ಗೆಳೆಯನ ಅಮ್ಮ ಅದನ್ನು ನೋಡಿ, "ಪೂಜೆಗೆ ಮಂಗಳಾರತಿ ಆದ ಹಾಗಾಯ್ತಲ್ಲೋ" ಅಂದ್ರು.

ಹುಬ್ಬಳ್ಳಿ_ಮಂದಿ · ಸೋಮವಾರ, ಮಧ್ಯಾಹ್ನ 1:34

ನಮ್ಮ ವೈವಾದಾಗ ಪ್ರಶ್ನಿ ಮುಗದಿದ್ದು ಊಟದ ಹೊತ್ತಾತು ಅಂತ. ಅದೂ ಹೋರಾ ಎಸ್ಟ್ ಆಗಿತ್ತೇನ್ರಿ ಹಂಗಾದ್ರ 😄

ನಿವೃತ್ತ_ಮೇಷ್ಟ್ರು · ಸೋಮವಾರ, ಸಂಜೆ 6:45

ಮೂವತ್ತು ವರ್ಷ ಪಾಠ ಹೇಳಿ, ಒಂದಿಷ್ಟು ಮಕ್ಕಳಿಗೆ ಮಾರ್ಗದರ್ಶನ ಮಾಡಿ ಈಗ ಮೈಸೂರಿನಲ್ಲಿ ಗಿಡಕ್ಕೆ ನೀರು ಹಾಕಿಕೊಂಡಿದ್ದೇನೆ. ನನ್ನ ತಕರಾರು ನಿಮ್ಮ ಚಾರ್ಟಿನ ಮೊದಲ ಪಟ್ಟಿಯ ಬಗ್ಗೆ.

ಲಿಟರೇಚರ್ ಸರ್ವೆ ಎನ್ನುವುದು ಆರು ತಿಂಗಳ ಒಂದು ಹಂತ ಎಂದು ಯಾರು ಹೇಳಿಕೊಟ್ಟರೋ ಕಾಣೆ. ಅದು ಕೊನೆಯ ದಿನದವರೆಗೂ ನಡೆಯುವ ಕೆಲಸ. ಆರು ತಿಂಗಳು ಬರೀ ಓದುತ್ತಾ ಕುಳಿತ ಹುಡುಗ ಇನ್ನೂರು ಪೇಪರಿನ ಸಾರಾಂಶ ಬರೆದು ತರುತ್ತಾನೆ. ಇದರಲ್ಲಿ ಯಾವುದು ತಪ್ಪಪ್ಪಾ ಎಂದರೆ ಬಾಯಿ ಬಿಡುವುದಿಲ್ಲ. ಪೇಪರಿನ ತಪ್ಪು ಗೊತ್ತಾಗುವುದು ಅದನ್ನು ನಮ್ಮ ಯಂತ್ರದಲ್ಲಿ ಓಡಿಸಿ ನೋಡಿದಾಗ.

ನೀವು ಹೀಗೆ ಮಾಡಿ. ಈ ವಾರವೇ ಒಂದು ಹಳೆಯ ಪುಸ್ತಕದ ಇಪ್ಪತ್ತು ಪುಟ ತೆಗೆದುಕೊಳ್ಳಿ. ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶ ಉಚಿತ, ಅದರ ಕನ್ನಡ ಮಾದರಿಯೂ (ಮಾಡೆಲ್) ಉಚಿತ. ಓಡಿಸಿ. ಬಂದ ಪಠ್ಯವನ್ನು ಕಾಗದದ ಮೇಲೆ ತೆಗೆದು, ಕೆಂಪು ಪೆನ್ ಹಿಡಿದು, ಪ್ರತಿ ತಪ್ಪಿಗೂ ಒಂದು ಹೆಸರು ಕೊಡಿ: ಒತ್ತಕ್ಷರ ಹೋದದ್ದು, ದೀರ್ಘ ಹೋದದ್ದು, ಪ-ಷ ಅದಲುಬದಲು, ಎರಡು ಪದ ಅಂಟಿಕೊಂಡದ್ದು. ಎರಡು ಸಂಜೆಯ ಕೆಲಸ. ಯಾವ ಥರದ ತಪ್ಪು ಹೆಚ್ಚು ಎನ್ನುವ ಆ ಒಂದು ಕೋಷ್ಟಕ ನಿಮ್ಮ ಪ್ರೊಪೋಸಲ್ಲಿನ ಹೃದಯ. ಸಮಿತಿಯವರು ಬಣ್ಣದ ಪಟ್ಟಿಯನ್ನು ಮರೆಯುತ್ತಾರೆ, ಆ ಕೋಷ್ಟಕದ ಮೇಲೆ ಅರ್ಧ ಗಂಟೆ ಮಾತಾಡುತ್ತಾರೆ.

"ಅಲ್ಗಾರಿದಮ್ ವಿನ್ಯಾಸ ಒಂದು ವರ್ಷ, ಇಂಪ್ಲಿಮೆಂಟೇಶನ್ ಒಂದು ವರ್ಷ" ಎನ್ನುವುದು ಮನೆ ಕಟ್ಟುವವರ ಲೆಕ್ಕ. ನಮ್ಮ ವಿದ್ಯೆಯಲ್ಲಿ ವಿನ್ಯಾಸ ಬೆಳಿಗ್ಗೆ, ಕೋಡ್ ಮಧ್ಯಾಹ್ನ, ರಾತ್ರಿ ವಿನ್ಯಾಸ ತಪ್ಪು ಎಂದು ಗೊತ್ತಾಗುತ್ತದೆ. ಹಂತಗಳನ್ನು ಪ್ರಶ್ನೆಗಳ ಮೇಲೆ ಮಾಡಿ. ತಪ್ಪುಗಳು ಯಾವ ಬಗೆಯವು? ನಿಘಂಟು ಮತ್ತು ವ್ಯಾಕರಣದಿಂದ ಎಷ್ಟು ತಿದ್ದಬಹುದು? ಉದಾಹರಣೆ ನೋಡಿ ಕಲಿಯುವ ಮಾದರಿ ಅದಕ್ಕಿಂತ ಎಷ್ಟು ಹೆಚ್ಚು ತಿದ್ದುತ್ತದೆ, ಎಲ್ಲಿ ಸರಿಯಿದ್ದುದನ್ನೇ ಕೆಡಿಸುತ್ತದೆ? ಮೂರು ಪ್ರಶ್ನೆ, ಮೂರು ಅಧ್ಯಾಯ.

ಕಡಲತಡಿ · ಸೋಮವಾರ, ರಾತ್ರಿ 9:15

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸತ್ಯ ಮಾರಾಯ್ರೇ. ನಾನು ಮಂಗಳೂರಿನಲ್ಲಿ ಕನ್ನಡ ಪಠ್ಯದ ಮೇಲೆಯೇ ಕೆಲಸ ಮಾಡುವುದು. ಚಾರ್ಟಿನಲ್ಲಿ ಯಾರೂ ಹಾಕದ ಒಂದು ಹಂತ ಉಂಟು, ಡೇಟಾ ತೊಳೆಯುವುದು. ನನ್ನ ಒಂದು ಇಡೀ ವರ್ಷ ಅದಕ್ಕೇ ಹೋಯಿತು.

ಕಥೆ ಕೇಳಿ. ನಮಗೆ ತರಬೇತಿಗೆ ಬೇಕಾದ ಸರಿಯಾದ ಪಠ್ಯ ಒಂದು ಕಡೆಯಿಂದ ರಾಶಿ ಸಿಕ್ಕಿತು, ಎಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲುಗಳು. ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ ಪದ್ಧತಿ ಯೂನಿಕೋಡಿಗೆ ಪರಿವರ್ತಿಸಿ ಮಾದರಿಗೆ ಉಣಿಸಿದೆವು. ಮೂರು ತಿಂಗಳ ನಂತರ ನಮ್ಮ ತಿದ್ದುವ ಮಾದರಿ "ಕರ್ನಾಟಕ" ಎಂದು ಸರಿಯಾಗಿ ಇದ್ದದ್ದನ್ನು "ಕನಾರ್ಟಕ" ಎಂದು ತಿದ್ದಲಿಕ್ಕೆ ಶುರು ಮಾಡಿತು! ಅದಕ್ಕೆ ನಾವೇ ಕಲಿಸಿದ್ದು. ಹಳೆಯ ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಕಣ್ಣಿಗೆ ಕಾಣುವ ಹಾಗೆಯೇ. ಯೂನಿಕೋಡಿನಲ್ಲಿ ರ ಮತ್ತು ವಿರಾಮ (ಸ್ವರವಿಲ್ಲ ಎಂದು ತೋರಿಸುವ ಚಿಹ್ನೆ) ಅಕ್ಷರದ ಮೊದಲು ಬರಬೇಕು. ನಮ್ಮ ಪರಿವರ್ತಕ ಅದನ್ನು ಮುಂದಕ್ಕೆ ತರದೆ ಇದ್ದಲ್ಲಿಯೇ ಬಿಟ್ಟಿತ್ತು. ಸೂರ್ಯ ಹೋಗಿ "ಸೂಯರ್" ಆಗಿದ್ದ. ಸಾವಿರಗಟ್ಟಲೆ ಪುಟದಲ್ಲಿ.

ಅದು ಸರಿಯಾದ ಮೇಲೆ ಇನ್ನೊಂದು. "ಕೊ" ಎಂಬುದನ್ನು ಕ ಮತ್ತು ೊ ಎಂದು ಎರಡು ಸಂಕೇತದಲ್ಲಿಯೂ ಬರೆಯಬಹುದು, ಕ, ೆ, ೂ ಎಂದು ಮೂರರಲ್ಲಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಎಲ್ಲವನ್ನೂ ಒಂದೇ ರೂಪಕ್ಕೆ ತರದೆ ತಪ್ಪು ಎಣಿಸಿದರೆ ಇಲ್ಲದ ತಪ್ಪು ಕಾಣುತ್ತದೆ. ರಾಜ್‌ಕುಮಾರ್ ಎಂದು ಬರೆಯುವಾಗ ಕ ಒತ್ತಕ್ಷರವಾಗದ ಹಾಗೆ ನಡುವೆ ಕೂರುವ ಕಾಣದ ಅಕ್ಷರದ ಕಥೆಯೂ ಹಾಗೆಯೇ.

ಸರಿಯಾದ ಪಠ್ಯ ಬೇಕಾದರೆ ಕನ್ನಡ ವಿಕಿಸೋರ್ಸ್ ನೋಡಿ. ಅಲ್ಲಿ ಸ್ಕ್ಯಾನ್ ಪುಟ ಮತ್ತು ಜನ ಕೈಯಲ್ಲಿ ತಿದ್ದಿದ ಪಠ್ಯ ಅಕ್ಕಪಕ್ಕ ಸಿಗುತ್ತದೆ.

ಏಳುವರ್ಷ_ವನವಾಸ · ಸೋಮವಾರ, ರಾತ್ರಿ 9:48

ಕಡಲತಡಿಯವರ ಮಾತಿಗೆ ಒಂದು ಸೇರಿಸ್ತೀನಿ. ಪುಟಗಳನ್ನು ಮಾದರಿಯ ತರಬೇತಿಗೆ, ಅದರ ಪರೀಕ್ಷೆಗೆ ಅಂತ ಕಲಸಿ ಹಂಚಬೇಡಿ, ಪುಸ್ತಕವಾರು ಹಂಚಿ. ಒಂದೇ ಪುಸ್ತಕದ 40ನೇ ಪುಟ ತರಬೇತಿಯಲ್ಲಿ, 41ನೇ ಪುಟ ಪರೀಕ್ಷೆಯಲ್ಲಿ ಇದ್ರೆ, ಅದೇ ಅಚ್ಚಿನ ಮೊಳೆ, ಅದೇ ಶಾಯಿ, ಅದೇ ಲೇಖಕರ ಪದಗಳು. ಪ್ರಶ್ನೆಪತ್ರಿಕೆ ಮೊದಲೇ ನೋಡಿಕೊಂಡು ಪರೀಕ್ಷೆ ಬರೆದ ಹಾಗೆ. ನನ್ನ ಮೊದಲ ಫಲಿತಾಂಶ ಹಾಗೇ ಬಂದಿತ್ತು, ನೋಡಿ ಮನೆಯಲ್ಲಿ ಹೋಳಿಗೆ ಮಾಡಿಸಿದ್ದೆ. ಪುಸ್ತಕವಾರು ಹಂಚಿದ ದಿನ ಅಂಕಿ ದಢಾರ್ ಅಂತ ಬಿತ್ತು.

ಕೈಬರಹದ ಕನ್ನಡ ಅಂಕಿಗಳ ಚಿತ್ರಗಳಿರೋ ಕನ್ನಡ-ಎಂನಿಸ್ಟ್ ಡೇಟಾ ಮಾಡಿದವರು 2019ರಲ್ಲೇ ಇದಕ್ಕೆ ದಾರಿ ತೋರಿಸಿದ್ದಾರೆ. 60,000 ತರಬೇತಿ ಚಿತ್ರ, 10,000 ಪರೀಕ್ಷೆ ಚಿತ್ರದ ಜೊತೆಗೆ ಬೇರೆಯದೇ ಜನರ ಕೈಬರಹದ 10,240 ಚಿತ್ರಗಳನ್ನು ಪ್ರತ್ಯೇಕವಾಗಿ ಕೊಟ್ಟರು. ಆ 10,000ದಲ್ಲಿ ಮೆರೆದ ಮಾದರಿ ಈ 10,240ರಲ್ಲಿ ಮುಗ್ಗರಿಸುತ್ತೆ.

ಚುಕ್ಕಿ_ಚಿತ್ತಾರ · ಸೋಮವಾರ, ರಾತ್ರಿ 10:20

ನಾನು ಪುಟಗಳನ್ನೇ ಕಲಸಿ ಹಂಚೋದು ಅಂತ ಪ್ರೊಪೋಸಲ್‌ನಲ್ಲಿ ಬರೆದಿದ್ದೀನಿ... ಈಗಲೇ ಅಳಿಸ್ತೀನಿ. ಇನ್ನೊಂದು ಸಂಶಯ. ತಪ್ಪಿನ ಪ್ರಮಾಣ ಪದದ ಲೆಕ್ಕದಲ್ಲಿ ಹೇಳೋದಾ, ಅಕ್ಷರದ ಲೆಕ್ಕದಲ್ಲಾ?

ಕಡಲತಡಿ · ಸೋಮವಾರ, ರಾತ್ರಿ 10:41

ಎರಡೂ ಹೇಳಿ, ಆದರೆ ಅಕ್ಷರ ಎಂದರೆ ಏನು ಎಂದು ಮೊದಲು ಬರೆಯಿರಿ. "ಮನೆಯಲ್ಲಿದ್ದವನಿಗೂ" ತೆಗೆದುಕೊಳ್ಳಿ. ನಾವು ಓದುವ ಹಾಗೆ ಎಂಟು ಅಕ್ಷರ: ಮ, ನೆ, ಯ, ಲ್ಲಿ, ದ್ದ, ವ, ನಿ, ಗೂ. ಯೂನಿಕೋಡ್ ಸಂಕೇತ ಎಣಿಸಿದರೆ ಹದಿನಾರು. ಕೊನೆಯ ಗೂ ಒಂದು ಗು ಆಯಿತು ಎಂದಿಟ್ಟುಕೊಳ್ಳಿ. ಸಂಕೇತದ ಲೆಕ್ಕದಲ್ಲಿ ತಪ್ಪು 6.25 ಶೇಕಡಾ, ಅಕ್ಷರದ ಲೆಕ್ಕದಲ್ಲಿ 12.5, ಪದದ ಲೆಕ್ಕದಲ್ಲಿ 100. ಮೂರೂ ಸತ್ಯವೇ! ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದದಲ್ಲಿ ಹೇಳುವುದನ್ನು ನಾವು ಒಂದರಲ್ಲಿ ಹೇಳುತ್ತೇವಲ್ಲ, ಅದಕ್ಕೆ ಪದದ ಲೆಕ್ಕ ಕನ್ನಡಕ್ಕೆ ಯಾವಾಗಲೂ ಕ್ರೂರ. ಎರಡು ಪೇಪರಿನ ಅಂಕಿ ಹೋಲಿಸುವ ಮೊದಲು ಅವರು ಯಾವುದನ್ನು ಎಣಿಸಿದ್ದಾರೆ ನೋಡಬೇಕು.

ಬಯಲುಸೀಮೆ_ಹುಡುಗ · ಮಂಗಳವಾರ, ಬೆಳಿಗ್ಗೆ 8:30

ಅಕ್ಕಾ, ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ. 2022ರ ನಿಯಮದಲ್ಲಿ ಪೇಪರ್ ಕಡ್ಡಾಯ ಅನ್ನೋದನ್ನೇ ತೆಗೆದುಬಿಟ್ಟಿದ್ದಾರೆ. ನೇರವಾಗಿ ಥೀಸಿಸ್ ಬರೆದು ಕೊಡಿ. ಸರ್ವೆ ಅಧ್ಯಾಯ ಚಾಟ್‌ಜಿಪಿಟಿ ಬರೆದುಕೊಡುತ್ತೆ.

ನಿವೃತ್ತ_ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 9:10

ತಮ್ಮಾ, ಯುಜಿಸಿ ತೆಗೆದಿರಬಹುದು. ಅದರಾಚೆಗೆ ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮದಲ್ಲಿ ಪೇಪರ್ ಕೇಳುತ್ತದೆಯೇ ಎಂದು ಓದಿದ್ದೀಯಾ? ಬಹಳ ಕಡೆ ಇನ್ನೂ ಕೇಳುತ್ತಾರೆ. ಓಪನ್ ಸೆಮಿನಾರ್ ಎಷ್ಟು, ಕೆಲಸ ಮಂಡಿಸುವ ಸಭೆ ಕೊಲೊಕ್ವಿಯಂ ಯಾವಾಗ ಎಂಬುದೂ ಒಂದೊಂದು ಕಡೆ ಒಂದೊಂದು ಥರ. ರಿಜಿಸ್ಟರ್ ಆದ ವರ್ಷದ ನಿಯಮಾವಳಿಯ ಪಿಡಿಎಫ್ ಇಳಿಸಿ ಇಟ್ಟುಕೊಳ್ಳುವುದು ಮೊದಲ ಕೆಲಸ.

ಮತ್ತೆ ಆ ಯಂತ್ರದ ಸರ್ವೆ. ಕಳೆದ ವರ್ಷ ನನ್ನ ಬಳಿ ಮೌಲ್ಯಮಾಪನಕ್ಕೆ ಬಂದ ಒಂದು ಥೀಸಿಸ್‌ನಲ್ಲಿ ಉಲ್ಲೇಖಿಸಿದ್ದ ಪೇಪರನ್ನು ಕಂಪ್ಯೂಟರ್ ಸೈನ್ಸ್ ಪೇಪರುಗಳ ಪಟ್ಟಿಯಾದ ಡಿಬಿಎಲ್‌ಪಿಯಲ್ಲಿ ಹುಡುಕಿದೆ. ಜರ್ನಲ್ ಉಂಟು, ಲೇಖಕರು ಉಂಟು, ಆ ಪೇಪರ್ ಮಾತ್ರ ಭೂಮಿಯ ಮೇಲಿಲ್ಲ. ಅಂಥವು ಐದು ಸಿಕ್ಕವು. ನಾನು ಆರನೆಯದನ್ನು ಹುಡುಕುವ ಗೋಜಿಗೆ ಹೋಗಲಿಲ್ಲ, ವಾಪಸು ಕಳಿಸಿದೆ.

ಬಯಲುಸೀಮೆ_ಹುಡುಗ · ಮಂಗಳವಾರ, ಬೆಳಿಗ್ಗೆ 9:22

ಸರಿ ಗುರುಗಳೇ, ಬಾಯಿ ಮುಚ್ಕೊಂಡೆ 🙏 ಆದ್ರೆ ಪೇಪರ್ ಹಾಕ್ಲೇಬೇಕು ಅಂದ್ರೆ ಬೇಗ ಆಗೋ ಕಡೆ ಹಾಕೋದ್ರಲ್ಲಿ ತಪ್ಪೇನು? ದುಡ್ಡು ಕಟ್ಟಿದ್ರೆ ಎರಡು ವಾರಕ್ಕೆ ಆಗೋ ಜರ್ನಲ್‌ಗಳಿವೆ.

ತುಂಗಾಪಾನ · ಮಂಗಳವಾರ, ಮಧ್ಯಾಹ್ನ 2:05

ತಪ್ಪೇನು ಅಂತ ನಾನು ಹೇಳ್ತೀನಿ, ನಾನೇ ಮಾಡಿದ್ದೀನಿ. ಮೂರನೇ ವರ್ಷ ಅಂಥ ಒಂದು ಜರ್ನಲ್‌ಗೆ ದುಡ್ಡು ಕಟ್ಟಿ ಹಾಕಿದೆ. ಆಗ ಅದು ಮಾನ್ಯ ಜರ್ನಲ್‌ಗಳ ಸೂಚಿಯಲ್ಲಿತ್ತು. ಪ್ರೀ-ಸಬ್‌ಮಿಷನ್ ಹೊತ್ತಿಗೆ ಕಿತ್ತುಹಾಕಿದ್ದರು. ಪ್ರಕಟವಾದ ತಿಂಗಳು ಸೂಚಿಯಲ್ಲಿತ್ತು ಅಂತ ದಾಖಲೆ ತೋರಿಸಿ ಅಂದ್ರು. ನನ್ನ ಹತ್ತಿರ ಒಂದು ಸ್ಕ್ರೀನ್‌ಶಾಟ್ ಇರಲಿಲ್ಲ. ಹೊಸ ಪೇಪರ್ ಬರೆದು ಬೇರೆ ಕಡೆ ಹಾಕಿಸೋಕೆ ಹದಿನಾಲ್ಕು ತಿಂಗಳು. ಗಂಡನ ಹತ್ತಿರ "ಇನ್ನೊಂದೇ ವರ್ಷ" ಅಂತ ಹೇಳಿದ್ದು ಅದು ನಾಲ್ಕನೇ ಸಲ.

ದೊಡ್ಡ ಹೆಸರಿದ್ದರೂ ಭರವಸೆ ಇಲ್ಲ. ಹಿಂದಾವಿ ಅನ್ನೋ ಜರ್ನಲ್ ಪ್ರಕಾಶನವನ್ನು ವೈಲಿ ಅನ್ನೋ ದೊಡ್ಡ ಪ್ರಕಾಶನ ಕೊಂಡಮೇಲೆ 2023ರಲ್ಲಿ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆದುಕೊಂಡರು, ಆಮೇಲೆ ಆ ಹೆಸರನ್ನೇ ಕೈಬಿಟ್ಟರು. ನಮ್ಮಲ್ಲಿ ಎಲ್ಲರೂ ನೆಚ್ಚಿಕೊಂಡಿದ್ದ, ಒಪ್ಪಬಹುದಾದ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಿದರು. ಹಾಗಾಗಿ ಪಟ್ಟಿ ನೋಡೋದಕ್ಕಿಂತ, ನಿಮ್ಮ ವಿಷಯದವರು ನಿಜವಾಗಿ ಓದೋದು ಏನು ಅಂತ ನೋಡಿ. ಚುಕ್ಕಿ ಅವರ ವಿಷಯಕ್ಕಾದರೆ ದಾಖಲೆ ಚಿತ್ರಗಳನ್ನು ಯಂತ್ರದಿಂದ ಓದಿಸೋ ಸಂಶೋಧನೆಯ ಐಸಿಡಿಎಆರ್ ಸಮ್ಮೇಳನ ಇದೆ, ಕಂಪ್ಯೂಟರ್ ತಜ್ಞರ ಸಂಘ ಎಸಿಎಂನವರ ಏಷ್ಯಾ ಭಾಷೆಗಳ ಜರ್ನಲ್ ಟ್ಯಾಲಿಪ್ ಇದೆ. ಮೊದಲನೇ ಸಲಕ್ಕೇ ಆಗಲಿಕ್ಕಿಲ್ಲ. ಆದರೆ ಅಲ್ಲಿಂದ ಬರೋ ತಿರಸ್ಕಾರದ ಪತ್ರದಲ್ಲೂ ಒಂದು ಪುಟ ಉಪಯೋಗದ ಮಾತಿರುತ್ತೆ.

ಬರವಣಿಗೆ ಬಗ್ಗೆ: ಇವತ್ತೇ ಬರಹ ಜೋಡಿಸೋ ತಂತ್ರಾಂಶ ಲೇಟೆಕ್‌ನಲ್ಲಿ ಥೀಸಿಸ್ ಫೈಲ್ ತೆರೆದು, ಅಧ್ಯಾಯಗಳ ಹೆಸರು ಹಾಕಿ, ಪ್ರತಿ ಬದಲಾವಣೆಯನ್ನೂ ದಾಖಲಿಸಿಡೋ ಗಿಟ್‌ನಲ್ಲಿ ಇಡಿ. ಪ್ರತಿ ಶುಕ್ರವಾರ ಅರ್ಧ ಪುಟ. ಯಾವ ಪ್ರಯೋಗ, ಯಾವ ಸೆಟ್ಟಿಂಗ್, ಏನು ಬಂತು. ಎರಡು ವರ್ಷದ ನಂತರ "ಈ ಗ್ರಾಫ್ ಯಾವ ಕೋಡ್‌ನಿಂದ ಬಂತು?" ಅಂತ ನೀವೇ ನಿಮ್ಮನ್ನ ಕೇಳ್ಕೋತೀರಿ, ಆಗ ಉತ್ತರ ಹೇಳೋದು ಆ ಅರ್ಧ ಪುಟವೇ. ಇನ್ನೊಂದು, ನಿಮ್ಮದೇ ಪೇಪರ್‌ನ ಪ್ಯಾರಾವನ್ನು ಹಾಗೇ ಥೀಸಿಸ್‌ಗೆ ಅಂಟಿಸಿದ್ರೆ ಹೋಲಿಕೆ ತಂತ್ರಾಂಶ ಅದನ್ನೂ ಹಿಡಿಯುತ್ತೆ. 2018ರ ಯುಜಿಸಿ ನಿಯಮದಲ್ಲಿ 10 ಶೇಕಡಾ ಹೋಲಿಕೆಯವರೆಗೆ ದಂಡವಿಲ್ಲ. ಸ್ವಂತ ಪೇಪರ್‌ಗಳನ್ನು ಹೊರಗಿಡೋಕೆ ನಿಮ್ಮ ಲೈಬ್ರರಿ ಏನು ಪತ್ರ ಕೇಳುತ್ತೆ ಅಂತ ಮುಂಚೆಯೇ ವಿಚಾರಿಸಿ.

ಏಳುವರ್ಷ_ವನವಾಸ · ಮಂಗಳವಾರ, ಮಧ್ಯಾಹ್ನ 2:40

ಸ್ಕ್ರೀನ್‌ಶಾಟ್ ಮಾತು ಚಿನ್ನದಂಥದ್ದು. ತಾರೀಖು ಕಾಣೋ ಹಾಗೆ ತೆಗೀರಿ.

ಒಂದು ವಿಷಯದಲ್ಲಿ ಮಾತ್ರ ಮೇಷ್ಟ್ರ ಜೊತೆ ನನ್ನ ಭಿನ್ನಾಭಿಪ್ರಾಯ. ಮೂರು ಪ್ರಶ್ನೆಗೆ ಮೂರು ಅಧ್ಯಾಯ ಅನ್ನೋದು ಪೂರ್ಣಾವಧಿಯವರಿಗೆ. ಪಾರ್ಟ್‌ಟೈಮ್‌ನವರು ಎರಡನ್ನೇ ಗಟ್ಟಿಯಾಗಿ ಹಿಡಿಯಲಿ, ಮೂರನೆಯದು ಆದ್ರೆ ಆಯ್ತು. ನಾನು ಮೂರು ಒಪ್ಪಿಕೊಂಡು, ಎರಡೇ ಮಾಡಿ, ಮೂರನೆಯದನ್ನು ಪ್ರೊಪೋಸಲ್‌ನಿಂದ ತೆಗೆಸೋಕೆ ಸಮಿತಿ ಮುಂದೆ ಮತ್ತೊಂದು ಸಲ ನಿಲ್ಲಬೇಕಾಯ್ತು.

ನಿವೃತ್ತ_ಮೇಷ್ಟ್ರು · ಮಂಗಳವಾರ, ಸಂಜೆ 6:15

ಒಪ್ಪಿದೆ. ವಾರಕ್ಕೆ ಹದಿನಾರು ಗಂಟೆ ಪಾಠ ಮಾಡಿ ಸಂಶೋಧನೆ ಮಾಡುವವರ ಕಷ್ಟ ನನಗೆ ಹೊರಗಿನಿಂದ ಗೊತ್ತು, ನಿಮಗೆ ಒಳಗಿನಿಂದ ಗೊತ್ತು.

ಚುಕ್ಕಿ_ಚಿತ್ತಾರ · ಮುಂದಿನ ಭಾನುವಾರ, ರಾತ್ರಿ 9:30

ವಾರ ಪೂರ್ತಿ ಮಾಯವಾಗಿದ್ದಕ್ಕೆ ಕ್ಷಮಿಸಿ, ಇಂಟರ್ನಲ್ಸ್ ಇತ್ತು.

ಮೇಷ್ಟ್ರು ಹೇಳಿದ ಹಾಗೆ ಇಪ್ಪತ್ತು ಪುಟ ಕೆಂಪು ಪೆನ್‌ನಲ್ಲಿ ಗುರುತು ಹಾಕಿದೆ. ಎರಡು ಸಂಜೆ ಅಂದ್ರಿ, ನನಗೆ ನಾಲ್ಕು ಬೇಕಾಯ್ತು. ಒತ್ತಕ್ಷರದ ತಪ್ಪೇ ಜಾಸ್ತಿ ಇರುತ್ತೆ ಅಂದುಕೊಂಡಿದ್ದೆ. ಅದಕ್ಕಿಂತ ಹೆಚ್ಚು ಸಿಕ್ಕಿದ್ದು ದೀರ್ಘ ಹೋಗೋದು, ಅದೂ ಶಾಯಿ ಮಾಸಿದ ಸಾಲಿನ ಕೊನೆಯಲ್ಲಿ. ಅಂದ್ರೆ ಭಾಷೆಯ ಮಾದರಿ ಒಂದೇ ಸಾಲದು, ಪುಟದಲ್ಲಿ ಆ ಅಕ್ಷರ ಎಲ್ಲಿತ್ತು ಅನ್ನೋದೂ ಬೇಕು. ಪ್ರೊಪೋಸಲ್‌ನ ಎರಡನೇ ಪ್ರಶ್ನೆ ಅಲ್ಲೇ ಬದಲಾಯ್ತು.

ಹೊಸ ಚಾರ್ಟ್‌ನಲ್ಲಿ ಜೂನ್, ಜುಲೈ, ಡಿಸೆಂಬರ್, ಜನವರಿ ಬೂದು ಬಣ್ಣ, ಸಂಶೋಧನೆ ಅಂತ ಏನೂ ಬರೆದಿಲ್ಲ. ಡೇಟಾ ತೊಳೆಯೋಕೆ ಹತ್ತು ತಿಂಗಳು. ಪ್ರಶ್ನೆ ಎರಡೇ. ಕಾಯೋ ಪಟ್ಟಿಗಳೆಲ್ಲ ಹಳದಿ, ಅದರ ಕೆಳಗೆ ಹಸಿರಿನಲ್ಲಿ ಆಗ ನಾನು ಬರೆಯೋ ಅಧ್ಯಾಯ. ಗೈಡ್‌ಗೆ ತೋರಿಸಿದೆ. ಈ ಸಲ ಕನ್ನಡಕ ಮೇಲೆತ್ತಲಿಲ್ಲ. "ಡಿಸೆಂಬರ್‌ನಲ್ಲಿ ಒಂದು ವಾರ ಬಿಡುವು ಸಿಗುತ್ತಮ್ಮ, ಅದನ್ನ ಹಸಿರು ಮಾಡು" ಅಂದ್ರು.

ಹುಬ್ಬಳ್ಳಿ_ಮಂದಿ · ಭಾನುವಾರ, ರಾತ್ರಿ 9:41

ಭಾಳ ಛಲೋ ಆತು ಮೇಡಂ. ಅಂದಂಗ, ನಿಮ್ಮ ಡೇಟಾದಾಗ "ಕನಾರ್ಟಕ" ಸಿಕ್ಕಿತೋ ಇಲ್ಲೋ?

ಚುಕ್ಕಿ_ಚಿತ್ತಾರ · ಭಾನುವಾರ, ರಾತ್ರಿ 9:58

ಡೇಟಾದಲ್ಲಿ ಇನ್ನೂ ಹುಡುಕಿಲ್ಲ ಸರ್. ನಿಮ್ಮ ಪ್ರಶ್ನೆ ನೋಡಿ ಸುಮ್ಮನೆ ನನ್ನ ಲ್ಯಾಪ್‌ಟಾಪ್ ಪೂರ್ತಿ ಹುಡುಕಿದೆ. ಒಂದೇ ಒಂದು ಸಿಕ್ತು. ಪಿಎಚ್‌ಡಿಗೆ ಸೇರೋಕೆ ನಿರಾಕ್ಷೇಪಣಾ ಪತ್ರ ಕೊಡಿ ಅಂತ ಕಾಲೇಜಿಗೆ ಬರೆದ ಅರ್ಜಿಯಲ್ಲಿ, ವಿಳಾಸದ ಕೊನೇ ಸಾಲು. ಪ್ರಿನ್ಸಿಪಾಲರು ಅದರ ಮೇಲೇ ಸಹಿ ಹಾಕಿದ್ದಾರೆ.